ನಮ್ಮ ಮನೆತನದ ಒಂಟಿ ಸೀನು

ನಾನು ಓದು ನಿಲ್ಲಿಸಿದ್ದು ೧೯೫೧ರಲ್ಲಿ. ಅಪ್ಪನಿಗೆ ಉಬ್ಬಸ ಜೋರಾಗಿ, ನೇಗಿಲು ಹಿಡಿದು ಒಂದು ಸಾಲು ಮುಗಿಸುವಷ್ಟರಲ್ಲಿ ಬದುವಿನ ಮೇಲೆ ಕೂತುಬಿಡುತ್ತಿದ್ದರು. ಎತ್ತುಗಳು ತಿರುಗಿ ನೋಡುತ್ತಿದ್ದವು. ಎತ್ತು ತಿರುಗಿ ನೋಡುವಂತಾದ ಮೇಲೆ ಮನೆಯ ಮಗ ಪುಸ್ತಕ ನೋಡುತ್ತ ಕೂರುವುದು ಮರ್ಯಾದೆಯಲ್ಲ. ನಾನೇ ಪುಸ್ತಕ ಮಡಚಿಟ್ಟು ನೇಗಿಲು ಹಿಡಿದೆ. ಯಾರೂ ಬಲವಂತ ಮಾಡಲಿಲ್ಲ. ಲೆಕ್ಕದ ಮೇಷ್ಟರು ಸುದ್ದಿ ಕೇಳಿ ನೆಮ್ಮದಿಯ ಉಸಿರು ಬಿಟ್ಟರೆಂದು ಆಮೇಲೆ ತಿಳಿಯಿತು.

ಕೆಲವೇ ವರ್ಷಗಳಲ್ಲಿ ನಮ್ಮ ಹಳೇಕೋಟೆ ಹೋಬಳಿಯಲ್ಲಿ ನನ್ನನ್ನು ಕರೆದೊಯ್ಯದೆ ಎತ್ತು ಕೊಳ್ಳುವವರೇ ಇಲ್ಲ ಎನ್ನುವಂತಾಯಿತು. ಉಳಿದವರು ಹಲ್ಲು ಎಣಿಸುತ್ತಿದ್ದರು, ಸುಳಿ ಹುಡುಕುತ್ತಿದ್ದರು. ನಾನು ಕೈಕಟ್ಟಿ ನಿಂತು, "ಇದರ ತಾಯಿ ಎಲ್ಲಿ?" ಎಂದು ಕೇಳುತ್ತಿದ್ದೆ. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುವುದು ಬೇರೆಯವರಿಗೆ ಗಾದೆ, ನನಗೆ ಕಸುಬು. ಅರಕಲಗೂಡಿನ ಕಡೆಯ ಒಂದು ಹಸು ನೀರು ಕಂಡಲ್ಲಿ ಮಲಗುತ್ತಿತ್ತು. ಅದರ ಕರು ಎತ್ತಾಗಿ ಮಾರಾಟಕ್ಕೆ ಬಂದಾಗ ಬೇಡವೆಂದೆ. ನಮ್ಮೂರಿನ ಒಬ್ಬರು ನನ್ನ ಮಾತು ಮೀರಿ ಕೊಂಡರು. ಅವರ ಮಗಳನ್ನು ಗಂಡನ ಮನೆಗೆ ಕಳಿಸುವ ದಿನ ಎತ್ತು ಗಾಡಿಯ ಸಮೇತ ಕಾಲುವೆಯ ನಡುವೆ ಮಲಗಿತು. ಮಗಳು ಆ ದಿನ ಗಂಡನ ಮನೆ ಮುಟ್ಟಲಿಲ್ಲ. ನನ್ನ ಕೀರ್ತಿ ಮಾತ್ರ ಚನ್ನರಾಯಪಟ್ಟಣ ಮುಟ್ಟಿತು!

ಇಷ್ಟೆಲ್ಲ ಬಲ್ಲ ನನಗೆ ಗೊತ್ತಿಲ್ಲದೆ ಉಳಿದದ್ದು ನನ್ನ ಮೂಗು.

ನಮ್ಮ ಮನೆಯ ಗಂಡಸರು ಹೊಸಲು ದಾಟಿ ಅಂಗಳಕ್ಕೆ ಬಂದರೆ ಸೀನುತ್ತಿದ್ದರು. ಒಂದು ಸಲ. ಒಂದೇ ಸಲ. ಜೋಡಿ ಸೀನಿದರೆ ಶುಭ, ಒಂಟಿ ಸೀನಿದರೆ ಹೊರಟ ಕೆಲಸ ಕೆಟ್ಟಿತು ಎನ್ನುವುದು ನಮ್ಮ ಸೀಮೆಯ ಶಾಸನ. ಆದ್ದರಿಂದ ಎದುರುಮನೆಯ ರಂಗಮ್ಮ ಸಂತೆಗೆ ಹೊರಡುವ ಮುಂಚೆ ಕಿಟಕಿಯಲ್ಲಿ ಇಣುಕಿ, ನಮ್ಮ ಮನೆಯವರೆಲ್ಲ ಹೊರಗೆ ಬಂದು ಸೀನಿ ಮುಗಿಸಿದ್ದಾರೆಯೇ ಎಂದು ಖಾತರಿ ಮಾಡಿಕೊಳ್ಳುತ್ತಿದ್ದಳು. ಸಂಗೀತಕ್ಕೆ ಹೆಸರಾದ ರುದ್ರಪಟ್ಟಣದ ಮಕ್ಕಳು ತೊಟ್ಟಿಲಲ್ಲೇ ತಾಳ ಹಾಕುತ್ತವೆ ಎನ್ನುತ್ತಾರೆ. ನಾವು ತೊಟ್ಟಿಲನ್ನು ಅಂಗಳಕ್ಕೆ ತಂದರೆ ಸೀನುತ್ತಿದ್ದೆವು. ಆದರೂ ಇದಕ್ಕೆಲ್ಲ ನನ್ನ ಬಳಿ ಸಮಾಧಾನ ಸಿದ್ಧವಿತ್ತು. ತಾತನದು ನಶ್ಯದ ಸೀನು. ಅಪ್ಪನದು ಉಬ್ಬಸದ ಸೀನು. ನನ್ನದು ಧೂಳಿನ ಸೀನು. ಒಂದೇ ಮನೆ, ಒಂದೇ ಸೀನು, ಮೂರು ಕಾರಣ!

ಹೀಗಿರುವಾಗ ನನಗೆ ಮದುವೆಯ ಮಾತು ಬಂತು. ಹೆಣ್ಣು ಹಿರೀಸಾವೆಯ ಪಕ್ಕದ ಹಳ್ಳಿಯ ಬೋರೇಗೌಡರ ಮಗಳು ತಾಯಮ್ಮ. ಎತ್ತು ನೋಡಲು ಹೋದಾಗ ಅವಳನ್ನು ಕಂಡಿದ್ದೆ. ಮೂರು ಜನ ಗಂಡಸರು ಹಗ್ಗ ಜಗ್ಗಿದರೂ ಅಲುಗದ ಒಂದು ಹೋರಿಯ ಕಿವಿಯ ಹತ್ತಿರ ಬಂದು ಏನೋ ಹೇಳಿದಳು. ಹೋರಿ ನಡೆದುಕೊಂಡು ಹೋಯಿತು. ಹಿಂದೆಯೇ ನನ್ನ ಮನಸ್ಸೂ ಹೋಯಿತು. ಮದುವೆಯಾದರೆ ಅವಳನ್ನೇ, ಇಲ್ಲದಿದ್ದರೆ ಎತ್ತುಗಳೇ ಸಾಕು ಎಂದು ಸೋದರಮಾವ ಸಿದ್ದಣ್ಣನ ಮುಂದೆ ಹೇಳಿಬಿಟ್ಟೆ.

ಮಾವ ಹೋಗಿ ವಿಚಾರಿಸಿ ಬಂದ. ಬೋರೇಗೌಡರು ವರದಕ್ಷಿಣೆ, ಒಡವೆ ಯಾವುದನ್ನೂ ಎತ್ತಲಿಲ್ಲವಂತೆ. ಕೇಳಿದ್ದು ಒಂದೇ, ಮನೆತನದಲ್ಲಿ ಕಾಯಿಲೆ ಉಂಟೇ ಎಂದು. ಅವರ ಅಕ್ಕನನ್ನು ಕಾಯಿಲೆ ಮುಚ್ಚಿಟ್ಟ ಮನೆಗೆ ಕೊಟ್ಟು ಬಹಳ ನೊಂದಿದ್ದರಂತೆ. ಮಾವ ಅವರ ಮುಖ ನೋಡದೆ, ಇಲ್ಲವೆಂದು ಹೇಳಿ ಬಂದಿದ್ದ. ಅಜ್ಜಿಯಿಂದ ಅಪ್ಪನಿಗೆ ಇಳಿದಿದ್ದ ಉಬ್ಬಸ ನಾಳೆ ನನಗೆ ಇಳಿಯದು ಎಂದು ಯಾರು ಹೇಳಬೇಕು? ಆದ್ದರಿಂದ ಹೆಣ್ಣು ಕೇಳಲು ಅಪ್ಪನನ್ನು ಬಿಟ್ಟು ನಾವಿಬ್ಬರೇ ಹೋಗುವುದೆಂದು ತೀರ್ಮಾನವಾಯಿತು. ಅಪ್ಪನಿಗೆ ಗದ್ದೆಯ ಕೆಲಸ ಎಂದು ಹೇಳುವುದು. ಅಪ್ಪ ಗದ್ದೆಯ ಕಡೆ ಮುಖ ಹಾಕಿ ವರ್ಷಗಳಾಗಿದ್ದವು!

ಬೋರೇಗೌಡರ ಮನೆ ಹಳೆಯದು. ಒಳಗೆ ಹಗಲಲ್ಲೂ ಮಬ್ಬು. ಅಲ್ಲಿ ಒಂದು ಪದ್ಧತಿಯಿತ್ತು. ಹೋರಿಯ ವ್ಯಾಪಾರವಿರಲಿ, ಹೆಣ್ಣಿನ ಮಾತಿರಲಿ, ಒಳಗೆ ಕೂತು ಮುಗಿಸಿದರೂ ವೀಳ್ಯದ ತಟ್ಟೆ ಕೈ ಬದಲಾಗುವುದು ಅಂಗಳದಲ್ಲಿ, ಸೂರ್ಯನ ಸಾಕ್ಷಿಯಾಗಿ. ಒಳಗೆ ನಾನು ಎತ್ತುಗಳ ವಂಶಾವಳಿಯನ್ನು ಅಮೋಘವಾಗಿ ವಿವರಿಸಿದೆ. ಗೌಡರು ತಲೆದೂಗಿದರು. ಎಲ್ಲರೂ ಎದ್ದು ಅಂಗಳಕ್ಕೆ ಬಂದೆವು. ಗೌಡರು ತಟ್ಟೆ ಎತ್ತಿದರು. ನಾನು ಕೈ ಚಾಚಿದೆ. ಸೀನಿದೆ.

ತಟ್ಟೆ ಇದ್ದಲ್ಲೇ ನಿಂತಿತು. ಇನ್ನೊಂದು ಸೀನು ಬರುವುದೇನೋ ಎಂದು ಎಲ್ಲರೂ ನನ್ನ ಮೂಗನ್ನೇ ನೋಡಿದರು. ನಾನೂ ಕಣ್ಣು ಕೆಳಗೆ ಮಾಡಿ ಅದನ್ನೇ ನೋಡಿದೆ. ಬರಲಿಲ್ಲ. ಗೌಡರು ತಟ್ಟೆಯನ್ನು ಹಿಂದಕ್ಕೆ ತೆಗೆದುಕೊಂಡು, "ಇವತ್ತು ಬ್ಯಾಡ ಬುಡಿ, ಇನ್ನೊಂದಿನ ಬನ್ನಿ" ಎಂದರು. ದಾರಿಯಲ್ಲಿ ನಾನು ಅವರ ಅಡುಗೆಮನೆಯಲ್ಲಿ ಮೆಣಸಿನಕಾಯಿ ಹುರಿಯುತ್ತಿದ್ದರು ಎಂದು ವಾದಿಸಿದೆ. ಮಾವ ಹಿರೀಸಾವೆಯ ಹೋಟೆಲಿನಲ್ಲಿ ಕಾಫಿಗೆ ನನ್ನಿಂದಲೇ ದುಡ್ಡು ಕೊಡಿಸಿದ.

ಎರಡನೆಯ ಸಲ ಮಾವನ ಜೊತೆ ಪೂರ್ವಸಿದ್ಧತೆಯೊಂದಿಗೆ ಹೋದೆ. ಸೀನುಗಳು ಮೂಗಿನಲ್ಲಿ ಕಣಜದಲ್ಲಿ ರಾಗಿಯಿದ್ದಂತೆ ಶೇಖರವಾಗಿರುತ್ತವೆ, ಮುಂಚೆಯೇ ಖಾಲಿ ಮಾಡಿಬಿಟ್ಟರೆ ತೊಂದರೆಯಿಲ್ಲ ಎನ್ನುವುದು ನನ್ನ ಹೊಸ ಸಿದ್ಧಾಂತ. ಬಸ್ಸಿಳಿದು ಹುಣಸೆಮರದ ಕೆಳಗೆ ಕೂತು, ತಾತನ ಡಬ್ಬಿಯ ನಶ್ಯವನ್ನು ಏರಿಸಿದೆ. ಮರದ ಕಾಗೆಗಳು ಹಾರಿಹೋದವು. ಅತ್ತ ಹೋಗುತ್ತಿದ್ದ ಮುದುಕನೊಬ್ಬ ನಿಂತು ಬೆಸವೋ ಸಮವೋ ಎಂದು ಎಣಿಸುತ್ತ ಎಣಿಸುತ್ತ ಬೇಸತ್ತು ಮನೆಗೆ ವಾಪಸ್ಸಾದ. ಮೂಗು ಕುಂಬಳಕಾಯಿಯಂತಾದರೂ ಕಣಜ ಖಾಲಿಯಾಯಿತೆಂಬ ಧೈರ್ಯ ಬಂತು. ಮೇಲೆ ಭದ್ರತೆಗೆ ಟವೆಲನ್ನು ಮೂಗಿಗೆ ಬಿಗಿದುಕೊಂಡೆ. ಗೌಡರು ಇದೇನೆಂದು ಕೇಳಿದರು. ಹಲ್ಲುನೋವು ಎಂದೆ.

ಆ ದಿನ ಅಂಗಳದಲ್ಲಿ ಒಂದು ಎಳೆಯ ಹೋರಿ ಕಟ್ಟಿತ್ತು. ಅದರ ತಾಯಿಯನ್ನು ನಾನು ಕೊಟ್ಟಿಗೆಯಲ್ಲಿ ನೋಡಿದ್ದೆ. ಪಕ್ಕದಲ್ಲಿ ತಮಟೆ ಬಡಿದರೂ ಕಿವಿ ಅಲುಗಿಸದ ಶಾಂತಮೂರ್ತಿ. ಒಳಗೆ ಕೂತು ಬಾಗಿಲಾಚೆ ಕೈ ತೋರಿಸಿ, ಟವೆಲಿನ ಒಳಗಿಂದಲೇ ನನ್ನ ತೀರ್ಪು ಕೊಟ್ಟೆ: "ಈ ಹೋರಿ ತಾಯಿಯ ಗುಣದ್ದು. ಸಿಡಿಲು ಬಿದ್ದರೂ ಕದಲುವುದಿಲ್ಲ." ಗೌಡರು ತಟ್ಟೆ ಹಿಡಿದು ಹೊರಗೆ ಬಂದರು. ನಾನೂ ಬಂದೆ.

ಆ ಸೀನು ಟವೆಲನ್ನು ಹೊತ್ತುಕೊಂಡೇ ಹೋಯಿತು! ಹೋರಿ ಸಿಡಿಲು ಬೀಳುವವರೆಗೆ ಕಾಯಲಿಲ್ಲ. ಗೂಟ ಕಿತ್ತುಕೊಂಡು ಮೊದಲು ಮಾವನ ಮೇಲೆ, ಆಮೇಲೆ ನನ್ನ ಮೇಲೆ ಹಾಯ್ದು, ಬೀದಿಗೆ ಬಿದ್ದು ಓಡಿತು. ಹಿಂದಕ್ಕೆ ಸರಿದ ನಾನು ಕಲಗಚ್ಚಿನ ಬಾನಿಯಲ್ಲಿ ಕೂತೆ. ಅಕ್ಕಿ ತೊಳೆದ ನೀರು, ಹಳಸಿದ ಅಂಬಲಿ, ಬೂಸಾ ಎಲ್ಲವೂ ನನ್ನನ್ನು ಆದರದಿಂದ ಬರಮಾಡಿಕೊಂಡವು. ಗೌಡರು ತಟ್ಟೆಯನ್ನು ಜಗುಲಿಯ ಮೇಲಿಟ್ಟು ಹೋರಿಯ ಹಿಂದೆ ಹೋದರು. ಮಾವ ಗೌಡರ ಹಿಂದೆ ಹೋದ.

ಚೊಂಬಿನಲ್ಲಿ ನೀರು ತಂದವಳು ತಾಯಮ್ಮ. ನಗುತ್ತಿರಲಿಲ್ಲ. ಅದೇ ಹೆಚ್ಚು ನೋವಾದದ್ದು.

"ಇದ್ರ ತಾಯಿಗೆ ವಯಸ್ಸಾಗಿ ಕಿವಿ ಓಗ್ಬುಟ್ಟದೆ" ಎಂದಳು. "ಎಳೇದ್ರಲ್ಲಿ ಎಲೆ ಬಿದ್ರೂ ಬೆದರ್ತಿತ್ತು. ಆಮ್ಯಾಕ್ ಬಂದ ಕಿವುಡು ಕರುಗೆ ಬತ್ತದಾ?"

ಮೂರು ತಾಲ್ಲೂಕಿನ ಪಂಡಿತ ಬಾನಿಯಲ್ಲಿ ಕೂತು ತಲೆ ಕೆರೆದುಕೊಂಡ. ಅವಳು ನನ್ನ ತಲೆಯ ಮೇಲೆ ನೀರು ಹೊಯ್ಯುತ್ತ ವಿಚಾರಣೆ ಮುಂದುವರಿಸಿದಳು.

"ನಿಮ್ಮಪ್ಪಾರೂ ಒರಗ್ ಬಂದ್ರೆ ಸೀನ್ತಾರಾ?"

"ಸೀನ್ತಾರೆ. ಅದು ಉಬ್ಬಸದ..." ನಾಲಿಗೆ ಕಚ್ಚಿಕೊಂಡೆ. ತಡವಾಗಿತ್ತು.

ಅವಳು ಚೊಂಬು ಕೆಳಗಿಡಲಿಲ್ಲ. "ಒಂದೇ ಸಲಾನಾ?"

"ಒಂದೇ. ತಾತನೂ ಒಂದೇ. ಆದರೆ ಅವರದು ನಶ್ಯದ್ದು."

"ಎತ್ ತಕಬೇಕಾದ್ರೆ ತಾಯೀನ ನೋಡ್ತೀರಿ. ನಿಮ್ದನ್ನ ತಿಳ್ಕಬೇಕಾದ್ರೆ ಅಪ್ಪನ್ನ ನೋಡ್ಬಾರ್ದಾ? ಮುಂದ್ಲ ಸಲ ಅವರ್ನೂ ಕರ್ಕಂಡ್ ಬನ್ನಿ. ಒರಗ್ ಬರೋವಾಗ ಇಬ್ರೂ ಒಟ್ಟಿಗೆ ಒಸ್ಲು ದಾಟಿ."

ನಾನು ಊರಿಗೆ ಬಂದು ಊಟ ಬಿಟ್ಟೆ. ಅಪ್ಪನನ್ನು ಕರೆದೊಯ್ದರೆ ಉಬ್ಬಸ ಗೊತ್ತಾಗಿ ಹೆಣ್ಣು ತಪ್ಪುತ್ತದೆ. ಬಿಟ್ಟು ಹೋದರೆ ಮತ್ತೆ ಒಂಟಿ ಸೀನಿ ಹೆಣ್ಣು ತಪ್ಪುತ್ತದೆ. ಅವಳು ಗುಟ್ಟನ್ನು ತಂದೆಗೆ ಹೇಳಿದ್ದರೆ ಹೋಗುವ ಮಾತೇ ಇಲ್ಲ. ಮಾವ ಈ ವಿಷಯದಲ್ಲಿ ತನ್ನನ್ನು ಎಳೆಯಬಾರದೆಂದು ಸೊಂಟಕ್ಕೆ ಎಣ್ಣೆ ಹಚ್ಚಿಸಿಕೊಳ್ಳುತ್ತ ಹೇಳಿದ. ಕೊನೆಗೆ ಅಪ್ಪನೇ ಒಂದು ಬೆಳಗ್ಗೆ ಹೊಸ ಪಂಚೆ ಉಟ್ಟು ಜಗುಲಿಯಲ್ಲಿ ಕೂತಿದ್ದರು. ಅವರಿಗೆ ಎಲ್ಲವೂ ಗೊತ್ತಾಗಿತ್ತು. "ನಡೀಲಾ, ಬಸ್ಸು ಬತ್ತದೆ" ಎಂದರು. ಅಪ್ಪನೇ ಹೊರಟ ಮೇಲೆ ಮಾವನೂ ಸೊಂಟ ಹಿಡಿದುಕೊಂಡು ಹಿಂದೆ ಬಂದ.

ಗೌಡರ ನಡುಮನೆ ತಲುಪುವಷ್ಟರಲ್ಲಿ ಅಪ್ಪನ ಎದೆ ಕೊಲ್ಲನ ತಿದಿಯಂತೆ ಸದ್ದು ಮಾಡುತ್ತಿತ್ತು. ಗೌಡರು ಏನೆಂದು ಕೇಳಿದರು. ಮಾವ, ಬಸ್ಸಿನ ಹೊಗೆ ಎಂದು ಶುರುಮಾಡಿದ. ಅಪ್ಪ ಕೈ ಎತ್ತಿ ನಿಲ್ಲಿಸಿದರು.

"ಒಗೆ ಅಲ್ಲ ಗೌಡ್ರೇ. ಉಬ್ಬಸ. ನಮ್ಮವ್ವಂಗಿತ್ತು, ನಂಗೆ ಬಂತು. ಇವನ್ಗೆ ಇದುವರ್ಗೂ ಬಂದಿಲ್ಲ. ನಾಳೆ ಬರಾಕಿಲ್ಲ ಅಂತ ನಾನೇಳಾಕಿಲ್ಲ. ಆದ್ರೆ ನಾನ್ ಕೂತಾಗ ನೇಗ್ಲು ಇಡ್ದೋನು ಇವನು. ಇನ್ನೂ ಕೂತಿಲ್ಲ."

ನಾನು ಮುಂದಿನ ಬಸ್ಸು ಎಷ್ಟು ಹೊತ್ತಿಗೆ ಎಂದು ಯೋಚಿಸುತ್ತಿದ್ದೆ.

"ನನ್ ಮಗಳು ಮೊನ್ನೇನೇ ಏಳಿದ್ಲು" ಎಂದರು ಗೌಡರು. "ನೀವ್ ಮುಚ್ಚಿಡ್ತೀರಾ ಏನೋ ಅಂತ ನೋಡ್ತಿದ್ದೆ. ಉಬ್ಬಸ ಯಾರ್ ಮನ್ಯಾಗಿಲ್ಲ? ಬನ್ನಿ, ಅಂಗಳಕ್ಕೋಗವಾ."

ಅಪ್ಪನೂ ನಾನೂ ಭುಜಕ್ಕೆ ಭುಜ ತಾಗಿಸಿ ಹೊಸಲು ದಾಟಿದೆವು. ಅಪ್ಪ ಸೀನಿದರು. ಗೌಡರ ಮುಖ ಕಪ್ಪಿಟ್ಟಿತು. ಆ ಕಪ್ಪು ಪೂರ್ತಿ ಇಳಿಯುವ ಮುಂಚೆ ನಾನು ಸೀನಿದೆ!

ಹೋರಿ ಈ ಸಲವೂ ಗೂಟ ಕಿತ್ತುಕೊಂಡು ಹೋಯಿತು. ಯಾರೂ ಅದರ ಕಡೆ ನೋಡಲಿಲ್ಲ.

"ಜೋಡಿ" ಎಂದರು ಗೌಡರು. ತಟ್ಟೆಯನ್ನು ಅಪ್ಪನ ಕೈಗಿತ್ತರು. ನನ್ನ ಜೀವಮಾನದಲ್ಲಿ ಅಂಥ ಗೆಲುವು ಮತ್ತೊಂದಿಲ್ಲ. ತಾತನಿಂದ ಅಪ್ಪನಿಗೆ, ಅಪ್ಪನಿಂದ ನನಗೆ ಬಂದ ಪಿತ್ರಾರ್ಜಿತ ಆಸ್ತಿ ಅದೊಂದೇ ಸಕಾಲಕ್ಕೆ ಕೈಗೆ ಬಂದದ್ದು.

ಬಸ್ಸಿನಲ್ಲಿ ಅಪ್ಪನನ್ನು ಕೇಳಿದೆ, ಈ ಸೀನು ಯಾತರದ್ದು ಎಂದು. "ಬಿಸ್ಲು ಕಣ್ಲಾ" ಎಂದರು. "ಕತ್ಲಿಂದ ಬಿಸ್ಲಿಗೆ ಬಂದ್ರೆ ನಮ್ಮೋರ್ಗೆಲ್ಲ ಅಂಗೇ. ಊರಿಗೇ ಗೊತ್ತದೆ. ನಿಂಗ್ ಗೊತ್ತಿರ್ಲಿಲ್ವಾ?"

ಮದುವೆಯಾದ ಹೊಸತರಲ್ಲಿ ಹೆಂಡತಿಯ ಮುಂದೆ ಸ್ವಲ್ಪ ಮೀಸೆ ತಿರುವಿ, ನನ್ನಲ್ಲಿ ಏನು ಕಂಡು ಒಪ್ಪಿದೆ ಎಂದು ಕೇಳಿದ್ದುಂಟು. ಕಲಗಚ್ಚು ಕಲಸುತ್ತಲೇ ಹೇಳಿದಳು, "ನಿಮ್ಮಲ್ಲೇನ್ ಕಾಣಾದು? ನಾನು ನಿಮ್ಮಪ್ಪನ್ ನೋಡಿ ಒಪ್ಪಿದ್ದು." ಮೀಸೆಯಿಂದ ಕೈ ತೆಗೆದೆ. ಅಂದಿನಿಂದ ಎತ್ತು ಕೊಳ್ಳಲು ಹೋಗುವಾಗ ಅವಳನ್ನೂ ಕರೆದೊಯ್ಯುತ್ತೇನೆ. ಊರವರು ಈಗ ಅವಳನ್ನು ಮಾತ್ರ ಕರೆದೊಯ್ಯುತ್ತಾರೆ.

ಮಕ್ಕಳು ಶಾಲೆಗೆ ಹೋಗುತ್ತವೆ. ಪರೀಕ್ಷೆಯ ದಿನ ಮೂರು ಮಕ್ಕಳು ಸಾಲಾಗಿ ಹೊಸಲು ದಾಟಿ ತಲಾ ಒಂದರಂತೆ ಸೀನುತ್ತವೆ. ಬೆಸವಾಗುತ್ತದೆ. ಆದ್ದರಿಂದ ನಾನು ಯಾವ ಕೆಲಸದಲ್ಲಿದ್ದರೂ ಹೆಂಡತಿ ಕರೆದು, ಒಳಗೆ ನಿಲ್ಲಿಸಿ, ಮಕ್ಕಳ ಹಿಂದೆಯೇ ನನ್ನನ್ನೂ ಬಿಸಿಲಿಗೆ ಬಿಡುತ್ತಾಳೆ. ಸೀನಿದ ಮೇಲೆ ನಾನು ವಾಪಸ್ಸು ಹೋಗಬಹುದು.

ಈಗ ನನಗಿರುವುದು ಇಷ್ಟು: ಮೂರು ಎಕರೆ ಗದ್ದೆ, ಎರಡು ಜೊತೆ ಎತ್ತು, ಒಂದು ಕರೆಯುವ ಹಸು, ಒಬ್ಬಳು ಹೆಂಡತಿ, ನಾಲ್ಕು ಮಕ್ಕಳು. ಸೀನುವ ಮಕ್ಕಳು ಮೂವರು, ಇನ್ನೊಂದು ತಾಯಿಯ ಗುಣದ್ದು. ನನ್ನನ್ನೂ ಸೇರಿಸಿದರೆ ನಾಲ್ಕು.