ಕರಡಿ ಎದುರಾದಲ್ಲಿ

ಗೊತ್ತಿಲ್ಲದ ವಿಷಯವನ್ನು ಧೈರ್ಯವಾಗಿ ಬರೆಯುವ ಅಭ್ಯಾಸ ನನಗೆ ಬಹಳ ವರ್ಷಗಳಿಂದ ಇದೆ. ಇಂದಿರಾನಗರದ ಒಂದು ಪುಟ್ಟ ಕಚೇರಿಯಲ್ಲಿ ಕುಳಿತು ಆಸ್ಪತ್ರೆ, ಉದ್ಯಾನ, ವಸ್ತುಸಂಗ್ರಹಾಲಯಗಳಿಗೆ ಕನ್ನಡ ಫಲಕ ಬರೆದುಕೊಡುವುದು ನನ್ನ ಕೆಲಸ. ಹೃದಯದ ಕವಾಟದ ಬಗ್ಗೆ ಬರೆದಿದ್ದೇನೆ, ಹೊಯ್ಸಳರ ಕಂಬದ ಬಗ್ಗೆಯೂ ಬರೆದಿದ್ದೇನೆ. ಎರಡನ್ನೂ ಹತ್ತಿರದಿಂದ ನೋಡಿಲ್ಲ. ಹಾಗಾಗಿ ಹೊಸಪೇಟೆ ಕಡೆಯ ಕರಡಿಧಾಮವೊಂದಕ್ಕೆ ಫಲಕ ಬೇಕೆಂದಾಗ ಹಿಂಜರಿಯಲಿಲ್ಲ. ಕರಡಿಯ ಬಗ್ಗೆ ನನಗಿದ್ದ ಜ್ಞಾನ ಶಿವಪೂಜೆಯ ಗಾದೆಯಷ್ಟು. ಉಡದ ಬಗ್ಗೆ ಅದರ ಪಟ್ಟಿನಷ್ಟು.

ಆಮೆ, ಹೆಬ್ಬಾವು, ಉಡಗಳು ಸಲೀಸಾಗಿ ಮುಗಿದವು. ಕೊನೆಗುಳಿದದ್ದು ಎಚ್ಚರಿಕೆಯ ಫಲಕ. ‘ಕರಡಿ ಎದುರಾದಲ್ಲಿ ಗಾಬರಿಗೊಳ್ಳದೆ ಸಮೀಪದ ವೃಕ್ಷವನ್ನು ಏರತಕ್ಕದ್ದು’ ಎಂದು ಬರೆದು, ಆ ‘ತಕ್ಕದ್ದು’ವಿನ ಗಾಂಭೀರ್ಯಕ್ಕೆ ನಾನೇ ಮರುಳಾಗಿ ಮೇಜಿನ ಮೇಲಿಟ್ಟಿದ್ದೆ. ವಾರದೊಳಗೆ ಅಚ್ಚಿಗೆ ಹೋಗಬೇಕಿತ್ತು. ನಮ್ಮ ಕಚೇರಿಯಲ್ಲಿ ಕಸ ಗುಡಿಸಿ ಚಹಾ ಮಾಡಿಕೊಡುವ ಹನುಮಕ್ಕ ಲೋಟ ಇಡುವಾಗ ಅದನ್ನು ಬೆರಳಿಟ್ಟು ಓದಿದರು. ಮರ್ಫಿ ಟೌನಿನ ಬಾಡಿಗೆ ಕೋಣೆಯಲ್ಲಿರುವ ಅವರ ಊರು ಆ ಕರಡಿಧಾಮದ ಗುಡ್ಡಗಳ ಬುಡದಲ್ಲೇ ಇದೆಯೆಂದು ನನಗೆ ತಿಳಿದದ್ದೇ ಆಗ.

“ಸರ, ಕರಡಿ ನಮಗಿಂತ ಚಲೋ ಮರ ಹತ್ತತೈತ್ರಿ,” ಎಂದರು. “ಮ್ಯಾಲ ಜೇನಿದ್ರ ಇನ್ನೂ ಲಗೂ.”

ಅವತ್ತು ನನಗೆ ಬೇರೆ ಕೆಲಸ ಓಡಲಿಲ್ಲ. ಕೇಳಿದಷ್ಟಕ್ಕೂ ಹನುಮಕ್ಕ ಹೇಳಿದರು. ಕರಡಿ ಗೆದ್ದಲನ್ನು ಅಗಿಯುವುದಿಲ್ಲವಂತೆ; ಉಗುರಿನಿಂದ ಹುತ್ತ ಒಡೆದು, ಬಾಯಿಟ್ಟು ಹೀರುತ್ತದಂತೆ. ಆ ಸದ್ದು ಪಕ್ಕದ ಹೊಲಕ್ಕೂ ಕೇಳುತ್ತದಂತೆ. ಅದು ಹೋದ ಮೇಲೆ ಉಡ ಬಂದು, ನಾಲಿಗೆ ಚಾಚುತ್ತ, ಉಳಿದದ್ದೇನಾದರೂ ಇದೆಯೇ ಎಂದು ಹುತ್ತದೊಳಗೆ ಇಣುಕುತ್ತದಂತೆ. ನನ್ನ ಚಹಾ ಆರಿಹೋಗಿತ್ತು. ಕಣ್ಣಿನ ಆಪರೇಷನ್ನಿಗೆಂದು ತಮ್ಮ ತಾಯಿ ಬಂದಿದ್ದಾರೆ, ಕರಡಿಗೆ ಎದುರಾಗಿ ನಿಂತವರು ಅವರೇ, ಬಂದು ಕೇಳಿ ಎಂದರು.

ಭಾನುವಾರ ಹಲಸೂರಿನ ನನ್ನ ಮನೆಯಿಂದ ಹನುಮಕ್ಕನ ಕೋಣೆಗೆ ನಡೆದೇ ಹೋದೆ. ಕಪ್ಪು ಕನ್ನಡಕದ ಅಜ್ಜಿ ಹೊಸ್ತಿಲ ಬಳಿ ಚಾಪೆ ಹಾಕಿಕೊಂಡು ಕುಳಿತಿದ್ದರು. ಒಮ್ಮೆ ಬಾರೆಹಣ್ಣು ಆರಿಸುವಾಗ ಹತ್ತು ಹೆಜ್ಜೆಯಾಚೆ ಕರಡಿ ಎದ್ದು ನಿಂತಿತಂತೆ. ಬೆನ್ನ ಮೇಲೆ ಎರಡು ಮರಿ. ಅಜ್ಜಿಯ ಸೊಂಟದಲ್ಲಿ ಕೈಕೂಸು ಹನುಮಕ್ಕ.

ಆಗ ಏನು ಮಾಡಿದಿರಿ ಎಂದೆ.

“‘ನೀನೂ ಮಕ್ಕಳೊಂದಿಗಳು, ನಾನೂ ಮಕ್ಕಳೊಂದಿಗಳು, ನಿನ್ನ ದಾರಿ ನಿನಗ’ ಅಂದು ಮೆಲ್ಲಕ ಹಿಂದಕ್ಕ ಸರದೆ.” ಕರಡಿ ಗಾಳಿ ಮೂಸುತ್ತ ನಿಂತಿದ್ದು, ಆಮೇಲೆ ಪೊದೆಯತ್ತ ತಿರುಗಿತಂತೆ. ಇಷ್ಟು ಹೇಳಿ ಅಜ್ಜಿ ಅಡಿಕೆ ಚೂರಿಗಾಗಿ ಸಂಚಿ ತಡಕಿದರು.

ಮರುದಿನವಿಡೀ ಕುಳಿತು ಫಲಕವನ್ನು ಹೊಸದಾಗಿ ಬರೆದೆ: ಮರ, ಉಗುರು, ಗಾಳಿಯ ದಿಕ್ಕು, ತಾಯಿಯ ಮನಸ್ಸು, ಎಲ್ಲವೂ ಇದ್ದ ಒಂದು ಪುಟ. ಸಂಜೆ ಹೋಗಿ ಅಜ್ಜಿಗೆ ಓದಿ ಹೇಳಿದೆ. ಕೊನೆಯವರೆಗೂ ತಾಳ್ಮೆಯಿಂದ ಕೇಳಿದರು.

“ಚಲೋ ಬರದೀರಿ. ಆದ್ರ ಇದನ್ನ ಓದಿ ಮುಗಸೂತನಕ ಕರಡಿ ನಿಂತಿರತೈತೇನು?”

ಈಗ ಆ ಫಲಕದಲ್ಲಿರುವುದು ಎರಡೇ ಸಾಲು: ಓಡಬೇಡಿ. ಮೆಲ್ಲಗೆ ಹಿಂದೆ ಸರಿಯಿರಿ. ಕರಡಿಧಾಮದವರು ಫೋನ್ ಮಾಡಿ, ಇಷ್ಟು ಕಡಿಮೆ ಮಾತಿನಲ್ಲಿ ಬರೆಯಬೇಕಾದರೆ ಬಹಳ ವರ್ಷದ ಅನುಭವ ಬೇಕು ಎಂದು ಹೊಗಳಿದರು. ನಾನು ವಿನಯದಿಂದ, ಹಾಗೇನಿಲ್ಲ ಬಿಡಿ ಎಂದೆ. ಅದಕ್ಕಿಂತ ಹೆಚ್ಚಿಗೆ ಒಂದಕ್ಷರವನ್ನೂ ಹೇಳಲಿಲ್ಲ.