ಗ್ರಾಫೈಟ್‌ಮುಕ್ತ ಕೈಬರಹ ಸ್ಪರ್ಧೆ

ಹೊರಮಾವಿನ ನಮ್ಮ ಶಾಲೆಯಲ್ಲಿ ನಾಲ್ಕನೇ ತರಗತಿಯವರೆಗೆ ಮಕ್ಕಳು ಪೆನ್ನು ಮುಟ್ಟುವಂತಿಲ್ಲ, ಪೆನ್ಸಿಲ್ಲೇ. ಈ ನಿಯಮವನ್ನು ಇದುವರೆಗೆ ಯಾರೂ ಮುರಿದಿಲ್ಲ.

ಜನವರಿಯಲ್ಲಿ ಒಂದು ಸೋಮವಾರ, ಅಸೆಂಬ್ಲಿಯಲ್ಲಿ ವಿಜ್ಞಾನದ ಸುಕನ್ಯ ಮಿಸ್ ಅಣುಸ್ಥಾವರದ ಬಗ್ಗೆ ಮಾತನಾಡಿದರು. ಯುರೇನಿಯಂ ಪರಮಾಣು ಒಡೆದಾಗ ನ್ಯೂಟ್ರಾನುಗಳು ವಿಪರೀತ ವೇಗದಲ್ಲಿ ಹಾರುತ್ತವೆ. ಅಷ್ಟು ವೇಗದವು ಮುಂದಿನ ಪರಮಾಣುವನ್ನು ಒಡೆಯುವುದು ಅಪರೂಪ. ಆದ್ದರಿಂದ ಕೆಲವು ಸ್ಥಾವರಗಳಲ್ಲಿ ಸುತ್ತಲೂ ಗ್ರಾಫೈಟಿನ ಇಟ್ಟಿಗೆ ಜೋಡಿಸುತ್ತಾರೆ. ಅದರ ಇಂಗಾಲದ ಪರಮಾಣುಗಳಿಗೆ ಮತ್ತೆ ಮತ್ತೆ ಡಿಕ್ಕಿ ಹೊಡೆದು ನ್ಯೂಟ್ರಾನುಗಳು ನಿಧಾನವಾಗುತ್ತವೆ, ಒಡೆಯುವ ಕೆಲಸ ಸರಪಳಿಯಂತೆ ಮುಂದುವರಿಯುತ್ತದೆ. "ನಿಮ್ಮ ಪೆನ್ಸಿಲ್ ಒಳಗಿರೋದೂ ಗ್ರಾಫೈಟೇ ಮಕ್ಕಳೇ" ಎಂದು ಅವರು ಮುಗಿಸಿದರು.

ಶಾಲೆಯ ಅಧ್ಯಕ್ಷರಾದ ಕೆಂಪರಾಜ್ ವೇದಿಕೆಯಲ್ಲೇ ಇದ್ದರು. ಶಾಲೆ ನಿಂತಿರುವುದು ಅವರ ತಂದೆಯ ರಾಗಿ ಹೊಲದಲ್ಲಿ.

"ಏನ್ ಮಿಸ್, ಮಕ್ಕಳ ಬ್ಯಾಗಲ್ಲಿ ಅಣುಸ್ಥಾವರದ ಸಾಮಾನಾ?"

"ಅದಕ್ಕೆ ಜೇಡಿಮಣ್ಣು ಬೆರೆಸಿರ್ತಾರೆ ಸರ್. ಮೇಲಾಗಿ, ಇಲ್ಲಿ ಯುರೇನಿಯಂ ಎಲ್ಲಿದೆ?"

"ಇಲ್ಲ ಅಂತ ಬರೆದು ಸೈನ್ ಹಾಕಿ ಕೊಡ್ತೀರಾ?"

ಸುಕನ್ಯ ಮಿಸ್ ಅವರ ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಅವರು ಸಹಿ ಹಾಕಲಿಲ್ಲ.

ಮಧ್ಯಾಹ್ನ ಸುತ್ತೋಲೆ ಹೊರಟಿತು: "ಮಕ್ಕಳ ಸುರಕ್ಷತೆಯ ದೃಷ್ಟಿಯಿಂದ ಶಾಲೆಯ ಆವರಣವನ್ನು ಗ್ರಾಫೈಟ್‌ಮುಕ್ತವೆಂದು ಘೋಷಿಸಲಾಗಿದೆ. ಪೆನ್ನಿನ ನಿಯಮದಲ್ಲಿ ಬದಲಾವಣೆ ಇರುವುದಿಲ್ಲ."

ಹೀಗೆ ಚಿಕ್ಕ ತರಗತಿಗಳಲ್ಲಿ ಬರವಣಿಗೆ ನಿಂತಿತು. ಕಾಗುಣಿತದ ತಪ್ಪುಗಳೂ ಪೂರ್ತಿ ನಿಂತವು. ಪೋಷಕರ ಸಭೆಯಲ್ಲಿ ಈ ಪ್ರಗತಿಯನ್ನು ಮೆಚ್ಚಲಾಯಿತು.

ನಾಲ್ಕನೇ ತರಗತಿಯ ಶ್ವೇತ ಕೈಬರಹದ ಟ್ರೋಫಿಗಾಗಿ ಜೂನ್‌ನಿಂದ ದಿನವೂ ಅಭ್ಯಾಸ ಮಾಡಿದ್ದಳು. ಐದನೆಯವರಿಗೆ ಟ್ರೋಫಿ ಇಲ್ಲ. ಅವಳಿಗೆ ಇದೇ ಕೊನೆಯ ಅವಕಾಶ. ಸ್ಪರ್ಧೆ ನಿಗದಿಯಂತೆ ನಡೆಯಿತು. ಬಹುತೇಕ ಮಕ್ಕಳು ಕೈಕಟ್ಟಿ ಕುಳಿತಿದ್ದು ಹಾಳೆ ಒಪ್ಪಿಸಿದರು. ಶ್ವೇತ ಮಾತ್ರ ಮಾರ್ಜಿನ್ ಮಡಿಸಿ, ಬರಿ ಬೆರಳಿನಿಂದ ಇಡೀ ಪದ್ಯ ಬರೆದಳು.

ಬಹುಮಾನದ ದಿನ ಕೆಂಪರಾಜ್ ಪೋಷಕರೆದುರೇ ತೀರ್ಪು ಕೊಟ್ಟರು. ಹಾಳೆಗಳ ಮೇಲೆ ಹೆಸರೂ ಇರಲಿಲ್ಲ. ಮಾರ್ಜಿನ್ ನೇರವಾಗಿ ಮಡಿಸಿದ್ದ ಒಂದನ್ನು ಅವರು ಎತ್ತಿ ಹಿಡಿದರು.

"ಇದು ನಮ್ಮ ಮೊಮ್ಮಗ ಸುನಿಲ್‌ದು. ನಮ್ಮ ಮನೆಯವರ ಕೈಬರಹ ನನಗೆ ಗೊತ್ತಾಗಲ್ವಾ?"

ಶ್ವೇತ ಎದ್ದು ನಿಂತಳು. "ಸರ್, ಅದು ನನ್ನ ಹಾಳೆ. ಸುನಿಲ್ ರಾಕೆಟ್ ಮಾಡಿದ್ದ."

"ಹೌದು ತಾತ, ನಂದು ರಾಕೆಟ್ಟು" ಎಂದ ಸುನಿಲ್.

"ನೀನು ಸುಮ್ನಿರು ಮಗಾ. ನೋಡಮ್ಮ, ದೂರು ಇದ್ರೆ ಮೂರು ದಿನದಲ್ಲಿ ಬರೆದು ಕೊಡು. ನೀನೇ, ಇಲ್ಲೇ ಶಾಲೆಯಲ್ಲೇ ಕೂತು ಬರೀಬೇಕು."

ನಿಯಮದ ಪ್ರಕಾರ ಶ್ವೇತಳ ಕೈಗೆ ಪೆನ್ನು ಬರುವುದು ಜೂನ್‌ನಲ್ಲಿ. ಸಭೆ ಚಪ್ಪಾಳೆ ತಟ್ಟಿತು. ಅವಳ ತಂದೆ ಶರಣಪ್ಪನವರೂ ತಟ್ಟಿದರು.

"ಅಪ್ಪಾ, ನೀನೂ ಯಾಕ ಹೊಡೀಲಿಕ್ಕತ್ತಿ?"

"ತಂಗಿಗೆ ಎಲ್‌ಕೆಜಿ ಸೀಟ್ ಬೇಕಲ್ಲವ್ವಾ. ನೀನೂ ಹೊಡಿ."

ಅವಳೂ ಹೊಡೆದಳು.