ಎರಡೂ ಕಡೆಯ ಮರಿ

ನನ್ನ ಗೆಳೆಯ ಮಹೇಶ್ವರಪ್ಪ ಬುಧವಾರ ಬೆಳಿಗ್ಗೆ ಚನ್ನಗಿರಿಯ ದನದ ಆಸ್ಪತ್ರೆ ಜಗುಲಿಯಲ್ಲಿ ತೀರಿಕೊಂಡ. ಎದೆನೋವು. ಹಿಂದಿನ ಬುಧವಾರ ಅದೇ ಆಸ್ಪತ್ರೆಯೊಳಗೆ ಅವನೂ ಹೆಂಡತಿ ಸಿದ್ದಲಿಂಗಮ್ಮನೂ ಜಗಳವಾಡಿದ್ದರು. ಮೇಜಿನ ಮೇಲೆ ಅವರ ನಾಯಿಮರಿ ಜ್ವರದಲ್ಲಿ ನಡುಗುತ್ತಿತ್ತು.

ಡಾಕ್ಟ್ರು: ನಂಜು ರಕ್ತಕ್ಕೆ ಏರೈತೆ. ಆದ್ರೆ ಮೂಲ ಬೇರೆ. ಎಷ್ಟು ಹಾಲು ಕುಡಿದ್ರೂ ಅದರಾಗಿನ ವಿಟಮಿನ್ನು ಇದರ ಕರುಳು ಹೀರ್ಕೊಳ್ತಿಲ್ಲ. ಅದಕ್ಕೇ ನಂಜು ತಡಿಯಾಕೆ ಶಕ್ತಿ ಇಲ್ಲ. ವಂಶದಿಂದ ಬಂದಿರಬೇಕು.

ಮಹೇಶ್ವರಪ್ಪ: ಕೇಳಿಸ್ಕೊಂಡ್ಯಾ? ವಂಶ! ಇದರಪ್ಪ ಬಂದಿದ್ದು ನಿನ್ನ ತವರಿಂದ.

ಸಿದ್ದಲಿಂಗಮ್ಮ: ನಮ್ಮ ಬಿಳಿಚೋಡಿನಾಗೆ ಅದು ಕುರಿಹಿಂಡು ಕಾಯ್ತಿತ್ತು ಕಣ್ರೀ. ಇದರವ್ವ, ನಿಮ್ಮ ಮನೆ ಹೆಣ್ಣುನಾಯಿ, ಬೆಕ್ಕು ಕಂಡ್ರೆ ಮಂಚದ ಕೆಳಗೆ ಸೇರ್ತೈತೆ.

ಮಹೇಶ್ವರಪ್ಪ: ಅದು ಮರ್ಯಾದಸ್ತ ನಾಯಿ.

ಡಾಕ್ಟ್ರು: ಒಂದು ಕಡೆಯಿಂದ ಬಂದ್ರೆ ಮರಿಗೆ ಏನೂ ಆಗಲ್ಲ. ಇಬ್ರೂ ಕೊಟ್ಟಿರಬೇಕು.

ಮಹೇಶ್ವರಪ್ಪ: ಇವಳ ಕಡೆಯೋರು ಏನಾದ್ರೂ ಕೊಟ್ಟಿದ್ದು ನಾನು ಕಂಡಿಲ್ಲ.

ಸಿದ್ದಲಿಂಗಮ್ಮ: ಈಗ ತಾನೇ ಕೊಟ್ಟಾರೆ ಅಂದ್ರಿ!

ಡಾಕ್ಟ್ರು ಸಿರಿಂಜಿಗೆ ಔಷಧಿ ಎಳೆದುಕೊಂಡರು.

ಡಾಕ್ಟ್ರು: ಬಿಳಿಚೋಡಿಗೆ ಆ ಗಂಡುನಾಯಿ ಎಲ್ಲಿಂದ ಬಂತು?

ಸಿದ್ದಲಿಂಗಮ್ಮ: ಸಾಸ್ವೆಹಳ್ಳಿಯಿಂದ, ಇವರ ಮನೆಯಿಂದಾನೇ. ಇವರ ಅವ್ವನೇ ಕೊಟ್ಟಿದ್ದು. ನಮ್ಮಪ್ಪ ಅವರಿಗೆ ಒಡಹುಟ್ಟಿದ ಅಣ್ಣ ಅಲ್ವಾ, ಕೇಳಿದಾಗ ಇಲ್ಲ ಅನ್ನಲಿಲ್ಲ.

ಡಾಕ್ಟ್ರು: ಹೆಣ್ಣುನಾಯಿ?

ಮಹೇಶ್ವರಪ್ಪ ಗೋಡೆಯ ಕ್ಯಾಲೆಂಡರಿನಲ್ಲಿದ್ದ ಎಮ್ಮೆಯನ್ನು ನೋಡಿದ.

ಮಹೇಶ್ವರಪ್ಪ: ಅದರ ಅಕ್ಕನ ಮಗಳು. ವರಸೆ ಸರಿಯಾಗೇ ಐತೆ.

ಡಾಕ್ಟ್ರು: ನಾಯಿಗೂ ಒಳಸಂಬಂಧ ಮಾಡ್ಸಿದ್ರಾ?

ಸಿದ್ದಲಿಂಗಮ್ಮ: ನಮಗೇ ಮಾಡ್ಸಿದಾರೆ, ಡಾಕ್ಟ್ರೇ. ಅದೇನು ಹೆಚ್ಚು?

ಡಾಕ್ಟ್ರು ಎರಡು ಸೂಜಿ ಹಾಕಿದರು, ನಂಜಿಗೊಂದು, ವಿಟಮಿನ್ನಿಗೊಂದು.

ಡಾಕ್ಟ್ರು: ವಿಟಮಿನ್ನಿಂದು ಈಗ ವಾರವಾರ, ಆಮೇಲೆ ತಿಂಗಳಿಗೊಮ್ಮೆ, ಇರೋತನಕ. ತಪ್ಪಿಸಿದ್ರೆ ಉಳಿಯಲ್ಲ.

ಆ ವಾರವೆಲ್ಲ ಅವರು ಒಬ್ಬರಿಗೊಬ್ಬರು ಮಾತಾಡಲಿಲ್ಲ. ಮರಿಯನ್ನು ಮಾತ್ರ ಸರದಿಯ ಮೇಲೆ ಮಡಿಲಲ್ಲಿಟ್ಟುಕೊಂಡರು.

ಈ ಬುಧವಾರ ಮರಿಯ ಜ್ವರ ಇಳಿದಿತ್ತು. ಮಹೇಶ್ವರಪ್ಪ ತಲೆ ಹಿಡಿದ, ಸಿದ್ದಲಿಂಗಮ್ಮ ಕಾಲು ಹಿಡಿದಳು. ಸೂಜಿ ಚುಚ್ಚುತ್ತಲೇ ಮರಿ ಹಾಲುಹಲ್ಲಿನಿಂದ ಅವನ ಬೆರಳು ಕಚ್ಚಿತು. ಹಿಂದಿನ ವಾರ ಅದಕ್ಕೆ ಬಾಯಿ ತೆರೆಯಲೂ ಆಗುತ್ತಿರಲಿಲ್ಲ.

ಸಿದ್ದಲಿಂಗಮ್ಮ: ನೋವಾಯ್ತೇನ್ರಿ?

ಮಹೇಶ್ವರಪ್ಪ: ನಮ್ಮ ಕಡೆಯವು ಕಚ್ಚಲ್ಲ. ಇದು ಮಾತ್ರ ನಿಮ್ಮ ಬಿಳಿಚೋಡಿಂದು.

ಆಮೇಲೆ ಜಗುಲಿಗೆ ಬಂದು, ಕಂಬಕ್ಕೆ ಒರಗಿ ಕೂತು, ಮರಿಯ ಬಾಯಿಗೆ ಮತ್ತೆ ಅದೇ ಬೆರಳು ಕೊಟ್ಟ.